ತೋಟಕ್ಕೆ ದಿನಾ ಒಂಟಿ ಕಾಟಿ ಬರ್ತಿದೆ, ಏನ್ ಮಾಡೋದು?

ಕೊಪ್ಪದ_ಮಗ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೈಕೋಬೇಡಿ. ನಾನಿರೋದು ಬೆಂಗಳೂರಲ್ಲಿ, ಅಪ್ಪ ಅಮ್ಮ ಇಬ್ರೇ ಊರಲ್ಲಿ, ಕೊಪ್ಪ ತಾಲೂಕು. ಒಂದೂವರೆ ಎಕರೆ ಅಡಿಕೆ, ಅದರ ಮೇಲ್ಗಡೆ ಮೂರು ಎಕರೆ ಕಾಫಿ, ಮನೆ ಹಿಂದಿನ ಗುಡ್ಡ ಹತ್ತಿದ್ರೆ ಕಾಡೇ. ಕಾಟಿ ಅಂದ್ರೆ ಕಾಡುಕೋಣ, ಅದು ನಮಗೆ ಹೊಸದಲ್ಲ, ಚಿಕ್ಕವನಿದ್ದಾಗ ವರ್ಷಕ್ಕೆ ಒಂದೋ ಎರಡೋ ಸಲ ಸಗಣಿ ಕಾಣ್ತಿತ್ತು, ಹೆಜ್ಜೆ ಕಾಣ್ತಿತ್ತು, ಪ್ರಾಣಿ ಕಾಣ್ತಿರಲಿಲ್ಲ. ಈಗ ಹಾಗಲ್ಲ. ಶಿವರಾತ್ರಿ ಆದಮೇಲಿಂದ ಒಂದು ಒಂಟಿ ಗಂಡು ದಿನಾ ಅನ್ನೋ ಹಾಗೆ ಬರ್ತಿದೆ, ಸಂಜೆ ಐದೂವರೆ ಆರಕ್ಕೆ ಇಳಿಯುತ್ತೆ, ಬೆಳಗ್ಗೆ ಆರೂವರೆ ಒಳಗೆ ವಾಪಸ್ ಹತ್ತುತ್ತೆ. ಅಪ್ಪ ಕಳಿಸಿದ ಫೋಟೋ ನೋಡಿದ್ರೆ ಕಪ್ಪಗೆ ಮಿರಿಮಿರಿ, ನಾಲ್ಕು ಕಾಲಿಗೂ ಬಿಳಿ ಸಾಕ್ಸ್ ಹಾಕಿದ ಹಾಗೆ, ಬೆನ್ನು ನಮ್ಮನೆ ಜೀಪಿನ ಟಾಪಿನ ಹತ್ರ ಹತ್ರ ಬರುತ್ತೆ ಅಂತಾರೆ, ಅಪ್ಪ ಎಲ್ಲದನ್ನೂ ಸ್ವಲ್ಪ ದೊಡ್ಡದು ಮಾಡೇ ಹೇಳೋದು ಅದು ಬೇರೆ.

ನಷ್ಟ ಅಂದ್ರೆ ಹತ್ತಿಪ್ಪತ್ತು ಕಾಫಿ ಗಿಡದ ರೆಕ್ಕೆ ಮುರಿದಿದೆ, ಹೋದ ವರ್ಷ ನೆಟ್ಟ ಅಡಿಕೆ ಸಸಿ ಸುಮಾರು ತಿಂದಿದೆ, ಒಂದು ಸ್ಪ್ರಿಂಕ್ಲರ್ ಪೈಪ್ ತುಳಿದು ಒಡೆದಿದೆ. ಅದು ಹೋಗ್ಲಿ. ಸಮಸ್ಯೆ ಏನಂದ್ರೆ ಈಗ ಮೆಣಸು ಕೊಯ್ಯೋ ಟೈಮು, ಕೆಲಸಕ್ಕೆ ಬರೋ ಹೆಂಗಸರು ಎರಡು ದಿನ ಬಂದು ಮೂರನೇ ದಿನ ಬರಲ್ಲ ಅಂದ್ಬಿಟ್ರು. ಅಪ್ಪಂಗೆ 71, ಬೆಳಗ್ಗೆ ಎದ್ದ ಕೂಡ್ಲೇ ತೋಟಕ್ಕೆ ಒಂದು ರೌಂಡ್ ಹೋಗದಿದ್ರೆ ಕಾಫಿ ಇಳಿಯಲ್ಲ. ನಂಗೆ ರಾತ್ರಿ ನಿದ್ದೆ ಇಲ್ಲ.

ಪಕ್ಕದ ಮನೆಯೋರು ಬೇಲಿಗೆ ಕರೆಂಟ್ ಕೊಡಿ ಅಂತಾರೆ, ಮಾವ ಪಟಾಕಿ ಹೊಡೀರಿ ಅಂತಾರೆ, ಇನ್ನೊಬ್ರು ಇಲಾಖೆಯೋರನ್ನ ಕರೆಸಿ ಇಂಜೆಕ್ಷನ್ ಹೊಡೆಸಿ ಹಿಡಿಸಿ ಅಂತಾರೆ. ಯಾವ್ದು ಮಾಡೋದು? ಗುಂಪಿಂದ ಹೊರಗೆ ಹಾಕಿದ ಒಂಟಿ ಗಂಡು ತಲೆ ಕೆಟ್ಟಿರುತ್ತೆ ಅಂತಾರಲ್ಲ ನಿಜಾನಾ? ಇನ್ನೊಂದು ಕುತೂಹಲದ ಪ್ರಶ್ನೆ, ಇದಕ್ಕೆ ಸರಿಯಾದ ಹೆಸರು ಯಾವ್ದು ಮಾರಾಯ್ರೆ, ಅಪ್ಪ ಕಾಟಿ ಅಂತಾರೆ, ಟಿವಿಯೋರು ಕಾಡುಕೋಣ ಅಂತಾರೆ, ಪೇಪರಲ್ಲಿ ಕಾಡೆಮ್ಮೆ, ನನ್ನ ಆಫೀಸಿನೋರು ಬೈಸನ್.

ರೋಬಸ್ಟಾ_ರಾಯ

ಮೂಡಿಗೆರೆ ಕಡೆಯೋನು ನಾನು, ಹತ್ತು ಹದಿನೈದು ವರ್ಷದಿಂದ ಇವುಗಳ ಜೊತೆನೇ ಸಂಸಾರ.

ಮೊದ್ಲು ಕರೆಂಟ್ ವಿಷಯ ಮುಗಿಸ್ಬಿಡೋಣ. ಪಕ್ಕದ ಮನೆಯೋರು ಹೇಳಿದ್ದು ಸೋಲಾರ್ ಬೇಲಿನೋ ಅಥವಾ ಲೈನಿಂದ ನೇರ ಎಳೆಯೋದೋ? ನೇರ ಲೈನ್ ಆದ್ರೆ ಆ ಮಾತನ್ನ ಮನೆ ಒಳಗೂ ಆಡ್ಬೇಡಿ. ಕಾಟಿ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿದೆ, ಅಂದ್ರೆ ಹುಲಿ ಆನೆಗೆ ಯಾವ ಕಾನೂನೋ ಇದಕ್ಕೂ ಅದೇ, ಸತ್ರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು. ಜೈಲು ಹಾಳಾಗ್ಲಿ, ಬೆಳಗ್ಗೆ ಮಬ್ಬಿಗೆ ತೋಟಕ್ಕೆ ಹೋಗೋರು ನಿಮ್ಮಪ್ಪ. ಆ ತಂತಿ ಕಾಟಿಗಿಂತ ಮೊದ್ಲು ಯಾರನ್ನ ಹಿಡಿಯುತ್ತೆ ಯೋಚ್ನೆ ಮಾಡಿ. ಹಂದಿಗೆ ಅಂತ ಉರುಳು ಹಾಕೋದೂ ಅಷ್ಟೇ, ಕಾಲಿಗೆ ಉರುಳು ಸಿಕ್ಕಿಸ್ಕೊಂಡು ಕಿತ್ಕೊಂಡು ಹೋದ ಗಾಯದ ಕಾಟಿ ಇದ್ಯಲ್ಲ, ತಲೆ ಕೆಟ್ಟಿರೋದು ಅಂದ್ರೆ ಅದಕ್ಕೆ ಕೆಟ್ಟಿರುತ್ತೆ.

ಒಂಟಿ ಗಂಡು ಅನ್ನೋದು ಹೆದರೋ ವಿಷಯ ಅಲ್ಲ. ಇವುಗಳ ಗುಂಪು ಅಂದ್ರೆ ಹೆಣ್ಣುಗಳು ಕರುಗಳು ಚಿಕ್ಕ ಗಂಡುಗಳು, ಮುಂದೆ ನಡೆಸೋದು ವಯಸ್ಸಾದ ಹೆಣ್ಣು. ಬಲಿತ ಗಂಡು ಒಂಟಿಯಾಗೇ ತಿರುಗೋದು ಅದರ ಸ್ವಭಾವ, ಬೆದೆಗೆ ಬಂದ ಹೆಣ್ಣು ಹುಡುಕ್ಕೊಂಡು ಗುಂಪಿಗೆ ಹೋಗುತ್ತೆ, ಕೆಲಸ ಮುಗಿದ್ಮೇಲೆ ಮತ್ತೆ ಒಂಟಿ. ಯಾರೂ ಹೊರಗೆ ಹಾಕಿದ್ದಲ್ಲ. ಆನೆ ಕಥೆನ ತಂದು ಇದಕ್ಕೆ ಅಂಟಿಸಿದಾರೆ ಜನ.

ನಮ್ಮ ಕಡೆ ಕಾಟಿ ತಿವಿದು ಸತ್ತೋರು ಇದಾರೆ, ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನನಗೆ ಗೊತ್ತಿರೋ ಅಷ್ಟೂ ಕೇಸಲ್ಲಿ ಆಗಿರೋದು ಒಂದೇ, ಕಾಫಿ ಗಿಡದ ಸಂದಿಲಿ ಎದುರಿಗೆ ಎದುರು ಸಿಕ್ಕಿದ್ದು. ಇದರ ಮೂಗು ಬಹಳ ಚುರುಕು, ಕಣ್ಣು ಕಿವಿ ಅಷ್ಟಿಲ್ಲ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆ ಇದ್ರೆ ನೀವು ನೋಡೋ ಮೊದ್ಲೇ ಜಾಗ ಖಾಲಿ ಮಾಡಿರುತ್ತೆ, ಗಾಳಿ ಉಲ್ಟಾ ಇದ್ರೆ ಹತ್ತು ಅಡಿ ಹತ್ರ ಹೋಗೋವರೆಗೂ ಇಬ್ರಿಗೂ ಗೊತ್ತಾಗಲ್ಲ, ಆಮೇಲೆ ಓಡೋ ದಾರಿಲಿ ನೀವಿದ್ರೆ ನಿಮ್ಮ ಮೇಲೇನೇ ಓಡುತ್ತೆ. ಒಂದು ಟನ್ ಹತ್ರ ತೂಗೋ ಪ್ರಾಣಿ, ಅದಕ್ಕೆ ನಿಮ್ಮನ್ನ ಕೊಲ್ಲೋ ಉದ್ದೇಶ ಇರ್ಬೇಕು ಅಂತೇನಿಲ್ಲ.

ಅದಕ್ಕೆ ನಾವು ಮಾಡೋದು ಇಷ್ಟೇ, ಕೆಲಸ ಶುರು ಎಂಟು ಗಂಟೆ ಮೇಲೆ, ನಾಲ್ಕೂವರೆಗೆ ಬಂದ್. ಮೊದ್ಲು ಹೋಗೋ ಇಬ್ರು ಮಾತಾಡ್ಕೊಂಡು ಕತ್ತಿಲಿ ಮರಕ್ಕೆ ಬಡೀತಾ ಹೋಗ್ತಾರೆ. ಬ್ಲಾಕಿಗೆ ಒಂದು ಸುತ್ತು ಬಂದು ಕೂಗು ಹಾಕಿದ್ಮೇಲೆ ಉಳಿದೋರು ಇಳಿಯೋದು. ಮತ್ತೆ ನಾಯಿ ಕರ್ಕೊಂಡು ಹೋಗ್ಲೇಬೇಡಿ! ನಾಯಿ ಧೈರ್ಯವಾಗಿ ಬೊಗಳ್ಕೊಂಡು ಹೋಗುತ್ತೆ, ಅದು ತಲೆ ಬಗ್ಗಿಸಿದ ಕೂಡ್ಲೇ ಬಾಲ ಮುದುರ್ಕೊಂಡು ಸೀದಾ ಯಜಮಾನ್ರ ಕಾಲ್ಸಂದಿಗೆ ವಾಪಸ್ ಬರುತ್ತೆ, ಹಿಂದೆ ಯಾರು ಇರ್ತಾರೆ ಹೇಳಿ.

ಪಟಾಕಿ ಹೊಡೆದ್ರೆ ಹೋಗುತ್ತೆ ಹೌದು. ಎಲ್ಲಿಗೆ? ಕೆಳಗಿನ ಮನೆ ಅಂಗಳಕ್ಕೆ.

ಹಸುಡಾಕ್ಟ್ರು

ಹೆಸರಿನ ಪ್ರಶ್ನೆಗೆ ನಾನು ಉತ್ರ ಕೊಡ್ತೀನಿ, ನಿಮ್ಮಪ್ಪ ಹೇಳಿದ್ದೇ ಸರಿ. ಕಾಟಿ ಅಂತ ಒಳ್ಳೆ ಹೆಸರಿರೋವಾಗ ಉಳಿದವೆಲ್ಲ ಯಾಕೆ. ಇದು ಎಮ್ಮೆನೂ ಅಲ್ಲ ಕೋಣನೂ ಅಲ್ಲ ಬೈಸನ್ನೂ ಅಲ್ಲ. ಕಪ್ಪಗಿದೆ ಅಂತ ಎಮ್ಮೆ ಜೊತೆ ಸೇರಿಸಿದಾರೆ ಅಷ್ಟೇ. ನಿಜವಾದ ಕಾಡೆಮ್ಮೆ ಬೇರೆ ಇದೆ, ಅಸ್ಸಾಂ ಕಡೆ ಮತ್ತೆ ಸ್ವಲ್ಪ ಛತ್ತೀಸ್‌ಗಢದಲ್ಲಿ, ಅದು ನಮ್ಮ ಊರೆಮ್ಮೆಯ ಮೂಲ, ಕೊಂಬು ಹಿಂದಕ್ಕೆ ಚಾಚಿರುತ್ತೆ, ಕೆಸರಲ್ಲಿ ಬಿದ್ದು ಹೊರಳುತ್ತೆ. ಕಾಟಿ ಕೆಸರಲ್ಲಿ ಹಾಗೆ ಹೊರಳಲ್ಲ. ಇದು ಹಸುವಿನ ಕುಲ, ಬಾಸ್ ಗೌರಸ್ ಅಂತ ಶಾಸ್ತ್ರೀಯ ಹೆಸರು, 1827ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಅನ್ನೋರು ಇಟ್ಟಿದ್ದು. ಬೈಸನ್ ಇರೋದು ಅಮೆರಿಕ ಮತ್ತೆ ಯುರೋಪಲ್ಲಿ, ಅದಕ್ಕೆ ಕುತ್ತಿಗೆಲಿ ಗಡ್ಡದ ಹಾಗೆ ಜೂಲು. ನಮ್ಮ ಕಾಡಿಗೆ ಬಂದ ಬ್ರಿಟಿಷ್ ಶಿಕಾರಿಯೋರು ಬೆನ್ನಿನ ದಿಣ್ಣೆ ನೋಡಿ ಬೈಸನ್ ಅಂದ್ರು, ಆ ಹೆಸರು ಇನ್ನೂ ರೆಸಾರ್ಟ್ ಬೋರ್ಡಲ್ಲಿ ಇದೆ. ಆ ದಿಣ್ಣೆ ನಾಟಿ ಹಸುವಿನ ಹಿಣಿಲಿನ ಹಾಗೆ ಮಾಂಸದ ಗಂಟಲ್ಲ, ಒಳಗೆ ಬೆನ್ನು ಮೂಳೆಯ ಮುಳ್ಳುಗಳೇ ಉದ್ದ ಬೆಳೆದಿರೋದು, ಅದಕ್ಕೆ ಭುಜದಿಂದ ಬೆನ್ನಿನ ಅರ್ಧದವರೆಗೂ ಏಣಿನ ಹಾಗೆ ಬಂದು ಅಲ್ಲಿ ಥಟ್ ಅಂತ ಇಳಿಯುತ್ತೆ. ಕರು ಹುಟ್ಟಿದಾಗ ಹೊಂಬಣ್ಣ ಇರುತ್ತೆ, ಬಿಳಿ ಸಾಕ್ಸ್ ಆಮೇಲೆ ಬರೋದು, ಗಂಡು ಬಲೀತಾ ಬಲೀತಾ ಕಪ್ಪಾಗುತ್ತೆ. ನಿಮ್ಮದು ಮಿರಿಮಿರಿ ಕಪ್ಪು ಅಂದ್ರೆ ಪ್ರಾಯದ ಗಂಡೇ.

ಈಗ ನನ್ನ ವಿಷಯಕ್ಕೆ ಬರ್ತೀನಿ, ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ. ಮನೇಲಿ ದನ ಇದ್ಯಾ? ಇದ್ರೆ ಅದಕ್ಕೆ ಕಾಲುಬಾಯಿ ಜ್ವರದ ಲಸಿಕೆ, ಚರ್ಮಗಂಟು ರೋಗದ ಲಸಿಕೆ ತಪ್ಪದೆ ಹಾಕ್ಸಿ. ಹಸುವಿನ ಕುಲ ಅಂದ್ನಲ್ಲ, ಹಸುಗೆ ಬರೋ ಎಷ್ಟೋ ರೋಗ ಇದಕ್ಕೂ ಬರುತ್ತೆ, ನಮ್ಮ ಕೊಟ್ಟಿಗೆಯಿಂದ ಕಾಡಿಗೆ ಹೋಗುತ್ತೆ. ಹಳಬರಿಗೆ ದೊಡ್ಡರೋಗ ಅಂದ್ರೆ ಗೊತ್ತಿರುತ್ತೆ, ಇಂಗ್ಲಿಷಲ್ಲಿ ರಿಂಡರ್‌ಪೆಸ್ಟ್. 1968ರಲ್ಲಿ ಬಂಡೀಪುರ ಮುದುಮಲೈ ಕಡೆ ಈ ರೋಗ ನುಗ್ಗಿ ಕಾಟಿ ಸಂತತಿ ಹೆಚ್ಚೂಕಮ್ಮಿ ಗುಡಿಸಿ ಹಾಕಿತ್ತು. 80ರ ದಶಕದ ಕೊನೆಗೆ ನಿಮ್ಮದೇ ಜಿಲ್ಲೆಯ ಭದ್ರಾ ಕಾಡಲ್ಲೂ ಹಾಗೇ ಆಗಿತ್ತು. ಆಮೇಲೆ ಲಸಿಕೆ ಹಾಕ್ತಾ ಹಾಕ್ತಾ ನಮ್ಮ ದೇಶದ ಕೊನೇ ಕೇಸ್ 1995ರಲ್ಲಿ ಕಂಡಿದ್ದು, 2011ರಲ್ಲಿ ಇಡೀ ಪ್ರಪಂಚದಿಂದನೇ ಆ ರೋಗ ಹೋಯ್ತು ಅಂತ ಘೋಷಣೆ ಆಯ್ತು. ಮನುಷ್ಯರ ಸಿಡುಬು ಬಿಟ್ರೆ ಹೀಗೆ ಬೇರು ಸಮೇತ ಕಿತ್ತ ರೋಗ ಇದೊಂದೇ. ಕೊಟ್ಟಿಗೆ ಕೊಟ್ಟಿಗೆಗೆ ನಡೆದು ಸೂಜಿ ಚುಚ್ಚಿದ ನಮ್ಮ ಇಲಾಖೆ ಹಳೇ ಕಾಂಪೌಂಡರ್‌ಗಳನ್ನ ಯಾರೂ ನೆನೆಸ್ಕೊಳಲ್ಲ. ಈವತ್ತು ನಿಮ್ಮ ತೋಟಕ್ಕೆ ಕಾಟಿ ಬರ್ತಿದೆ ಅಂದ್ರೆ ಅದರಲ್ಲಿ ಅವರದೂ ಸ್ವಲ್ಪ ಪಾಲಿದೆ, ಬೈಯೋದಾದ್ರೆ ಅವರನ್ನೂ ಸೇರಿಸಿ ಬೈರಿ ಹಹಾ.

ಗುಂಡ್ಲುಪೇಟೆ_ಗೌಡ

ಡಾಕ್ಟ್ರೇ 68ರ ಕಥೆ ನಮ್ ತಾತ ಹೇಳೋರು. ಹಳ್ಳದ ನೀರಿನ ಹತ್ರ ಹತ್ರನೇ ಸತ್ತು ಬಿದ್ದಿದ್ವಂತೆ, ಜ್ವರಕ್ಕೆ ನೀರಿಗೆ ಬರ್ತಿದ್ವು ಅನ್ಸುತ್ತೆ, ರಣಹದ್ದು ಸಹ ತಿಂದು ತಿಂದು ಸಾಕಾಗಿ ಕುಂತಿದ್ವು ಅನ್ನೋರು. ಆವಾಗ ರಣಹದ್ದು ಇದ್ವು ನೋಡಿ.

ಇವತ್ತು ಬೇಸಿಗೆಲಿ ಕಬಿನಿ ಹಿನ್ನೀರಿನ ಕಡೆ ಹೋದ್ರೆ ನೀರು ಇಳಿದ ಜಾಗದಲ್ಲಿ ಹಸಿರು ಹುಲ್ಲು ಎದ್ದಿರುತ್ತೆ, ಆನೆ ಒಂದು ಕಡೆ ಕಾಟಿ ಗುಂಪು ಒಂದು ಕಡೆ ಮೇಯ್ತಾ ಇರ್ತವೆ. ಅಲ್ಲಿ ನೋಡಿದ್ರೆ ಗೊತ್ತಾಗುತ್ತೆ ಇದು ಹುಲ್ಲಿನ ಪ್ರಾಣಿ ಅಂತ. ಕಾಡಲ್ಲಿ ಹುಲ್ಲೆಲ್ಲೈತೆ ಹೇಳಿ? ಬಂಡೀಪುರದಲ್ಲಿ ಲಂಟಾನ ಆಳೆತ್ತರ, ಅದರ ಮೇಲೆ ಈಗ ಹಳದಿ ಹೂವಿನ ಸೆನ್ನಾ ಬೇರೆ. ಅದರ ಕೆಳಗೆ ಹುಲ್ಲಿನ ಕಡ್ಡಿ ಹುಟ್ಟಲ್ಲ. ಬಿದಿರು ಹೂ ಬಿಟ್ಟು ಒಣಗೋಯ್ತು. ಮಲೆನಾಡಲ್ಲಿ ನಿಮಗೆ ಕಮ್ಯುನಿಸ್ಟ್ ಗಿಡ ಅನ್ನೋ ಕಳೆ, ಅಕೇಶಿಯಾ ನೆಡುತೋಪು. ರೋಗ ಹೋಯ್ತು, ಬೇಟೆ ಕಮ್ಮಿ ಆಯ್ತು, ಹುಲ್ಲು ಮಾತ್ರ ಜಾಸ್ತಿ ಆಗ್ಲಿಲ್ಲ. ಮಾರ್ಚಲ್ಲಿ ಕಾಡೆಲ್ಲ ಒಣಗಿ ಕಡ್ಡಿ ಆಗಿರೋವಾಗ ನೀವು ಸ್ಪ್ರಿಂಕ್ಲರ್ ಹೊಡೆದು ತೋಟದಲ್ಲಿ ಹಸಿರು ಎಬ್ಬಿಸಿರ್ತೀರ, ಕಾಟಿ ಬರ್ದೆ ಇನ್ನೇನು ಮಾಡುತ್ತೆ.

ಅಂದಹಾಗೆ ಕಾಟಿ ಸಿಳ್ಳೆ ಹೊಡೆಯೋದು ಕೇಳಿದೀರಾ ಯಾರಾದ್ರೂ? ಗಾಬರಿ ಆದ್ರೆ ಮೂಗಿಂದ ಫುಸ್ಸ್ ಅಂತ ಸಿಳ್ಳೆ ಥರ ಉಸಿರು ಬಿಡುತ್ತೆ, ಮುಂಗಾಲಿಂದ ನೆಲ ಕುಟ್ಟುತ್ತೆ. ಅಷ್ಟು ದೊಡ್ಡ ಮೈಗೆ ಆ ಸದ್ದು ನಂಬಕ್ಕೇ ಆಗಲ್ಲ. ತೋಟದಲ್ಲಿ ಆ ಸದ್ದು ಕೇಳಿದ್ರೆ ಮುಂದೆ ಒಂದು ಹೆಜ್ಜೆ ಬೇಡ, ಓಡೋದೂ ಬೇಡ, ಬಂದ ದಾರಿಲಿ ಮೆಲ್ಲಗೆ ಹಿಂದಕ್ಕೆ, ದಪ್ಪ ಮರ ಇದ್ರೆ ಅದನ್ನ ಮಧ್ಯ ಇಟ್ಕೊಂಡು.

ಬ್ಯಾಂಕಾಕ್_ಬೋರಯ್ಯ

ವಿಷಯಕ್ಕೆ ಸಂಬಂಧ ಇಲ್ಲ ಕ್ಷಮಿಸಿ. ನಾನು ಥಾಯ್ಲೆಂಡಲ್ಲಿ ಕೆಲಸ ಮಾಡೋದು. ಥಾಯ್ ಭಾಷೇಲಿ ಕಾಟಿಗೆ ಕ್ರಾಟಿಂಗ್ ಅಂತಾರೆ. ಕ್ರಾಟಿಂಗ್ ದೇಂಗ್ ಅಂದ್ರೆ ಕೆಂಪು ಕಾಟಿ. ಇಲ್ಲಿನ ಲಾರಿ ಡ್ರೈವರ್‌ಗಳು ಕುಡೀತಿದ್ದ ಒಂದು ಅಗ್ಗದ ಟಾನಿಕ್ಕಿನ ಹೆಸರು ಅದು, ಆಸ್ಟ್ರಿಯಾದವನೊಬ್ಬ ಬಂದು ರುಚಿ ನೋಡಿ ಪಾಲುದಾರಿಕೆ ಮಾಡ್ಕೊಂಡು 1987ರಲ್ಲಿ ರೆಡ್ ಬುಲ್ ಅಂತ ಯುರೋಪಲ್ಲಿ ಬಿಟ್ಟ. ಆ ಡಬ್ಬಿ ಮೇಲೆ ಡಿಕ್ಕಿ ಹೊಡೀತಿರೋ ಎರಡು ಪ್ರಾಣಿ ಇದಾವಲ್ಲ, ಅವು ಕೊಪ್ಪದ ಇವರ ತೋಟಕ್ಕೆ ಬರ್ತಿರೋದರ ನೆಂಟ್ರೇ. ಕ್ರಾಟಿಂಗ್, ಕಾಟಿ, ಹೆಸರು ಸಹ ಹತ್ರ ಹತ್ರ ಇದೆ, ಕಾಕತಾಳೀಯ ಇರ್ಬೇಕು, ಭಾಷಾ ಪಂಡಿತರು ಯಾರಾದ್ರೂ ಇದ್ರೆ ಜಗಳ ಶುರು ಮಾಡಿ.

ರೋಬಸ್ಟಾ_ರಾಯ

@ಬ್ಯಾಂಕಾಕ್_ಬೋರಯ್ಯ ಇನ್ಮೇಲೆ ಅದನ್ನ ಕುಡಿಯೋವಾಗೆಲ್ಲ ನನ್ನ ಮುರಿದ ಕಾಫಿ ಗಿಡ ನೆನಪಾಗುತ್ತೆ, ಥ್ಯಾಂಕ್ಸ್.

ನಿವೃತ್ತ_ಹವಾಲ್ದಾರ್

ಕೊಡಗಿನವ. ಅರುಣಾಚಲದಲ್ಲಿ ಪೋಸ್ಟಿಂಗ್ ಇದ್ದಾಗ ಮಿಥುನ್ ಅಂತ ಒಂದು ಜಾನುವಾರು ನೋಡಿದ್ದೇನೆ, ಥೇಟ್ ಕಾಟಿ, ಬಿಳಿ ಕಾಲು ಸಮೇತ. ಸ್ವಲ್ಪ ಗಿಡ್ಡ, ಹಣೆ ಅಗಲ, ಕೊಂಬು ನೇರ. ಕಾಟಿಯನ್ನೇ ಯಾವುದೋ ಕಾಲದಲ್ಲಿ ಪಳಗಿಸಿದ್ದು ಅಂತ ಹೇಳ್ತಾರೆ. ಅಲ್ಲಿ ಜನ ಅದನ್ನು ಕಟ್ಟಿ ಹಾಕುವುದಿಲ್ಲ, ಉಳುವುದಿಲ್ಲ, ಹಾಲೂ ಕರೆಯುವುದಿಲ್ಲ, ಕಾಡಿಗೆ ಬಿಟ್ಟಿರ್ತಾರೆ. ಬೇಕಾದಾಗ ಹೋಗಿ ಕೂಗ್ತಾರೆ, ಕೈಯಲ್ಲಿ ಉಪ್ಪು. ಉಪ್ಪು ನೆಕ್ಕಲಿಕ್ಕೆ ಅಷ್ಟು ದೊಡ್ಡ ಪ್ರಾಣಿ ಕುರಿಮರಿ ಹಾಗೆ ಬರ್ತದೆ. ಮದುವೆಗೆ ಹೆಣ್ಣಿನ ಕಡೆಗೆ ಕೊಡುವುದು ಇದನ್ನೇ, ಎಷ್ಟು ಮಿಥುನ್ ಇದೆ ಅನ್ನುವುದರ ಮೇಲೆ ಮನೆತನದ ಅಂತಸ್ತು.

ಇದನ್ನು ಯಾಕೆ ಹೇಳಿದೆ ಅಂದ್ರೆ ಕಾಟಿಗೂ ಉಪ್ಪಿನ ಹುಚ್ಚು ಉಂಟು. ಕೊಪ್ಪದವರೇ, ನಿಮ್ಮ ಕೊಟ್ಟಿಗೆ ಹೊರಗೆ ದನಕ್ಕೆ ಇಟ್ಟ ಉಪ್ಪಿನ ಗಡ್ಡೆ, ಬೂಸಾ ಚೀಲ, ಗೊಬ್ಬರದ ಖಾಲಿ ಚೀಲ ಬಿದ್ದಿದ್ರೆ ಮೊದಲು ಒಳಗೆ ಹಾಕಿ.

ಪುಣೆ_ಕನ್ನಡಿಗ

ಇಂಜೆಕ್ಷನ್ ಹೊಡೆಸಿ ಹಿಡಿಸೋ ವಿಚಾರ ಯಾರೂ ಮುಟ್ಟಿಲ್ಲ, ಅದಕ್ಕೆ ಬರೀತಿದೀನಿ. 2020ರ ಡಿಸೆಂಬರಲ್ಲಿ ನಮ್ಮ ಕೋಥ್ರೂಡ್ ಏರಿಯಾಗೆ ಬೆಳ್‌ಬೆಳಗ್ಗೆ ಒಂದು ಕಾಟಿ ಬಂದ್ಬಿಡ್ತು, ಇಲ್ಲಿ ಗವಾ ಅಂತಾರೆ. ಊರೆಲ್ಲ ಮೊಬೈಲ್ ಹಿಡ್ಕೊಂಡು ಹಿಂದೆ ಓಡಿದ್ದು, ಗಲ್ಲಿ ಗಲ್ಲಿ ಸುತ್ತಿಸಿದ್ದು, ಗೇಟಿಗೆ ಕಾಂಪೌಂಡಿಗೆ ಗುದ್ದಿ ಮೂತಿಯೆಲ್ಲ ರಕ್ತ, ಗಂಟೆಗಟ್ಟಲೆ ಆದ್ಮೇಲೆ ಅರಿವಳಿಕೆ ಕೊಟ್ಟು ಗಾಡಿಗೆ ಹತ್ತಿಸಿದ್ರು, ಅವತ್ತೇ ಸತ್ತೋಯ್ತು. ಓಡಿ ಓಡಿ ಭಯಕ್ಕೆ ಮೈ ಕಾದು ಸಾಯೋದು, ನೋಡಕ್ಕೆ ಬೆಟ್ಟ ಇದ್ದಂಗಿರುತ್ತೆ ಒಳಗೆ ಅಷ್ಟು ಸೂಕ್ಷ್ಮ. ಆಮೇಲೆ ಜನ ಇಲ್ಲೇ ಕ್ಷಮಿಸು ಅಂತ ಸ್ಟೇಟಸ್ ಹಾಕ್ಕೊಂಡ್ರು.

ಹಿಡಿದು ಸಾಗಿಸಕ್ಕೆ ಆಗೋದೇ ಇಲ್ಲ ಅಂತಲ್ಲ. ಮಧ್ಯಪ್ರದೇಶದ ಬಾಂಧವಗಢದಲ್ಲಿ ಕಾಟಿ ಪೂರ್ತಿ ಇಲ್ಲವಾಗಿದ್ವು, 2011ರಲ್ಲಿ ಕಾನ್ಹಾದಿಂದ 19 ತಂದು ಬಿಟ್ರು, ಮುಂದಿನ ವರ್ಷ ಇನ್ನಷ್ಟು ಸೇರಿಸಿ 50 ಮಾಡಿದ್ರು, ಈಗ ಅಲ್ಲಿ ಚೆನ್ನಾಗಿವೆ. ಆದ್ರೆ ಅದಕ್ಕೆ ವರ್ಷಗಟ್ಟಲೆ ತಯಾರಿ, ದಕ್ಷಿಣ ಆಫ್ರಿಕಾದಿಂದ ತಜ್ಞರು, ಸ್ಪೆಷಲ್ ಲಾರಿ ಎಲ್ಲ ಇತ್ತು. ನಾಲ್ಕು ಅಡಿಕೆ ಸಸಿಗೋಸ್ಕರ ಕಾಫಿ ತೋಟದ ಇಳಿಜಾರಲ್ಲಿ ಮಾಡೋ ಕೆಲಸ ಅಲ್ಲ ಅದು. ಅರಿವಳಿಕೆ ಹತ್ತಿದ ಪ್ರಾಣಿ ಕಾದಿಗೆಲಿ, ಅಂದ್ರೆ ತೋಟದ ನೀರಿನ ಚರಂಡಿಲಿ ಬಿದ್ರೆ ಎತ್ತೋರು ಯಾರು.

ಕುನ್ನೂರು_ಕಾವ್ಯ

ನಾನು ಮದ್ವೆ ಆಗಿ ಕುನ್ನೂರಿಗೆ ಬಂದು ಒಂಬತ್ತು ವರ್ಷ. ಇಲ್ಲಿ ಕಾಟಿ ಬಸ್‌ಸ್ಟ್ಯಾಂಡ್ ಹತ್ರನೂ ಬರುತ್ತೆ, ಮಕ್ಕಳು ಸ್ಕೂಲಿಗೆ ಹೋಗೋ ಹಾದಿಲಿ ಟೀ ಗಿಡದ ಮಧ್ಯ ಮಲಗಿ ಮೆಲುಕು ಹಾಕ್ತಿರುತ್ತೆ. ಮೊದಲ ವರ್ಷ ನಾನು ಬಾಗಿಲು ತೆಗೀತಿರಲಿಲ್ಲ. ಈಗ ಅಭ್ಯಾಸ ಆಗಿದೆ, ಆದ್ರೆ ಅಭ್ಯಾಸ ಆಗಿರೋದೇ ಡೇಂಜರ್ ಅಂತ ನಂಗನ್ಸುತ್ತೆ, ಟೂರಿಸ್ಟ್‌ಗಳು ಹಸು ಅನ್ಕೊಂಡು ಬಾಳೆಹಣ್ಣು ಹಿಡ್ಕೊಂಡು ಸೆಲ್ಫಿಗೆ ಹೋಗ್ತಾರೆ.

ನಾನು ಕಲ್ತಿದ್ದು ಒಂದೇ. ಅದು ತಲೆ ಎತ್ತಿ ನಿಮ್ಮನ್ನೇ ನೋಡ್ತಿದ್ರೆ ಯೋಚ್ನೆ ಮಾಡ್ತಿದೆ ಅಂತ ಅರ್ಥ, ನೀವು ನಿಂತು ದಾರಿ ಬಿಟ್ಟುಕೊಟ್ರೆ ಅದು ಹೋಗುತ್ತೆ. ಪಕ್ಕಕ್ಕೆ ತಿರುಗಿ ಬೆನ್ನು ಉಬ್ಬಿಸಿ ಮೈ ಪೂರ್ತಿ ತೋರಿಸ್ಕೊಂಡು ತಲೆ ತಗ್ಗಿಸಿ ನಿಧಾನ ಹೆಜ್ಜೆ ಹಾಕ್ತಿದ್ರೆ ಅದು ನಾನೆಷ್ಟು ದೊಡ್ಡೋನು ನೋಡು ಅಂತ ಹೇಳ್ತಿರೋದು. ಗಂಡುಗಳು ತಮ್ಮತಮ್ಮಲ್ಲಿ ಹಾಗೇ ಅಳತೆ ನೋಡ್ಕೊಳ್ಳೋದು, ಎಷ್ಟೋ ಸಲ ಕೊಂಬು ತಾಗಿಸದೇ ಚಿಕ್ಕೋನು ಸುಮ್ನೆ ಹೋಗ್ಬಿಡ್ತಾನೆ. ನೀವೂ ಚಿಕ್ಕೋರಾಗಿ ಹೋಗ್ಬಿಡಿ, ಮರ್ಯಾದೆ ಪ್ರಶ್ನೆ ಮಾಡ್ಕೋಬೇಡಿ.

ಕೊಪ್ಪದವ್ರಿಗೆ ಒಂದು ಪ್ರಶ್ನೆ. ದಿನಾ ಒಂದೇ ಟೈಮಿಗೆ ಇಳಿದು ಒಂದೇ ಟೈಮಿಗೆ ಹತ್ತುತ್ತೆ ಅಂದ್ರಲ್ಲ, ರಾತ್ರಿ ಎಲ್ಲ ಇರೋದೆಲ್ಲಿ? ಮೂರು ಎಕರೆ ಕಾಫಿಲಿ ರಾತ್ರಿ ಪೂರ್ತಿ ಮೇಯ್ದಿದ್ರೆ ಹತ್ತು ಗಿಡ ಅಲ್ಲ ಹೆಚ್ಚೇ ಹೋಗಿರ್ತಿತ್ತು.

ಕೊಪ್ಪದ_ಮಗ

ಎಲ್ರಿಗೂ ಥ್ಯಾಂಕ್ಸ್, ಎಲ್ಲಾನೂ ಅಪ್ಪಂಗೆ ಫೋನಲ್ಲಿ ಓದಿ ಹೇಳ್ದೆ. ಹೆಸರಿನ ವಿಷ್ಯದಲ್ಲಿ ಡಾಕ್ಟ್ರು ತಮ್ಮ ಕಡೆ ಅಂತ ಗೊತ್ತಾದ್ಮೇಲೆ ಉಳಿದಿದ್ದನ್ನೂ ತಾಳ್ಮೆಯಿಂದ ಕೇಳಿದ್ರು.

@ಕುನ್ನೂರು_ಕಾವ್ಯ ನಿಮ್ಮ ಪ್ರಶ್ನೆ ತಲೇಲಿ ಕೂತ್ಬಿಡ್ತು. ಶನಿವಾರ ಊರಿಗೆ ಹೋದೆ, ಹಗಲು ಹತ್ತು ಗಂಟೆಗೆ ನಾನು ಅಪ್ಪ ಮತ್ತೆ ನಮ್ಮ ಕಡೆ ಫಾರೆಸ್ಟ್ ಗಾರ್ಡ್ ಒಬ್ರು ಸೇರಿ ಹೆಜ್ಜೆ ನೋಡ್ಕೊಂಡು ಹೋದ್ವಿ. ಕಾಡಿಂದ ಇಳಿದು ಕಾಫಿ ಮೇಲಿನ ಮೂಲೆಲಿ ನುಗ್ಗುತ್ತೆ, ಕಾಫಿ ಒಳಗೆ ಒಂದೇ ದಾರಿ, ಅಕ್ಕಪಕ್ಕ ಎಲ್ಲೂ ಅಲೆದಿಲ್ಲ, ರೆಕ್ಕೆ ಮುರಿದಿರೋ ಗಿಡ ಎಲ್ಲ ಆ ದಾರಿ ಮೇಲೇ ಇರೋದು, ಮೈ ತಾಗಿ ಮುರಿದಿದೆ ಅಷ್ಟೇ. ಆಮೇಲೆ ಅಡಿಕೆ ತೋಟದ ಅಂಚು, ಅಲ್ಲಿ ಸಿಕ್ಕಿದ ಸಸಿ ಬಾಯಿಗೆ ಹಾಕ್ಕೊಂಡಿದೆ, ಅಲ್ಲಿಂದ ಕೆಳಗೆ ನಮ್ಮ ಗದ್ದೆ.

ಗದ್ದೆ ವಿಷಯ ನಾನು ಮೊದ್ಲು ಬರೆದೇ ಇಲ್ಲ ಯಾಕಂದ್ರೆ ಅದು ಇದೆ ಅನ್ನೋದೇ ಮರೆತಿದ್ವಿ. ಆಳು ಸಿಗಲ್ಲ, ಅಕ್ಕಿಗೆ ಅಂಗಡಿ ಇದೆ ಅಂತ ಏಳು ವರ್ಷದಿಂದ ಹಡ್ಲು ಬಿಟ್ಟಿದೀವಿ. ಮೇಲಿನ ತುದೀಲಿ ಒಂದು ಒರತೆ ಇದೆ, ಹಿಂದೆ ಅದೇ ನೀರಲ್ಲಿ ಎರಡನೇ ಬೆಳೆ ತೆಗೀತಿದ್ರಂತೆ ಅಜ್ಜ. ಆ ಒರತೆ ನೀರಿಗೆ ಇಡೀ ಗದ್ದೆ ಸೊಂಟದ ಎತ್ತರ ಹಸಿರು ಹುಲ್ಲು, ಮಾರ್ಚ್ ತಿಂಗಳಲ್ಲಿ! ಮಧ್ಯದಲ್ಲಿ ಹುಲ್ಲು ಮಲಗಿ ಚಾಪೆ ಆಗಿದೆ ಒಂದು ಜಾಗದಲ್ಲಿ, ಅಲ್ಲೇ ಮಲಗಿ ಮೆಲುಕು ಹಾಕೋದು. ಗಾರ್ಡ್ ನಗ್ತಾ ಇದ್ರು, ಇಲಾಖೆಯೋರು ಇಷ್ಟು ಚೆಂದ ಹುಲ್ಲು ಬೆಳೆಸಕ್ಕೆ ವರ್ಷಾನುವರ್ಷ ಒದ್ದಾಡ್ತೀವಿ ನೀವು ಪುಕ್ಕಟೆ ಬೆಳೆಸಿದೀರ ಅಂತ. ಅಂದ್ರೆ ಅದು ತೋಟಕ್ಕೆ ಬರ್ತಿರೋದೇ ಅಲ್ಲ, ಗದ್ದೆಗೆ ಹೋಗೋ ದಾರಿಲಿ ನಮ್ಮ ತೋಟ ಇದೆ.

ಸದ್ಯಕ್ಕೆ ಮಾಡಿರೋದು ಇಷ್ಟು. ಅದು ನಡೆಯೋ ದಾರಿ ಅಕ್ಕಪಕ್ಕ ಲಂಟಾನ ಕಡಿಸಿ ದೂರದಿಂದ ಕಾಣೋ ಹಾಗೆ ಮಾಡಿದ್ವಿ, ಕಾಫಿ ಒಳಗೆ ಎರಡು ತಿರುವು ಇತ್ತು ಅದೇ ಹೆದರಿಕೆ ಜಾಗ. ಪೈಪ್‌ಲೈನ್ ಆ ದಾರಿ ಬಿಟ್ಟು ಆಚೆ ತಗೊಂಡ್ವಿ. ಕೆಲಸ ಎಂಟೂವರೆಗೆ ಶುರು, ಹೆಂಗಸರು ಸೋಮವಾರದಿಂದ ಬರ್ತೀವಿ ಅಂದಿದಾರೆ, ಮುಂದೆ ನಡೆಯೋಕೆ ಗಟ್ಟಿ ಗಂಟಲಿನ ಒಬ್ಬ ಹುಡುಗ ಬೇಕು ಅಂತ ಕಂಡೀಷನ್. ನಾಯಿ ರಾತ್ರಿ ಕಟ್ಟಿ ಹಾಕೋದು. ಉಪ್ಪಿನ ಗಡ್ಡೆ ನಿಜಕ್ಕೂ ಹೊರಗೇ ಇತ್ತು ಹವಾಲ್ದಾರ್ ಸಾರ್, ಒಳಗೆ ಹಾಕ್ಸಿದೆ. ಸಸಿ ಹೋಗಿದ್ದಕ್ಕೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ ಇಟ್ಟು ಪರಿಹಾರಕ್ಕೆ ಅರ್ಜಿ ಹಾಕಿ ಅಂತ ಗಾರ್ಡ್ ಹೇಳಿದ್ರು, ಹಾಕಿದೀವಿ. ಮನೆ ಹತ್ರ ಏನಾದ್ರೂ ಬಂದು ನಿಂತ್ರೆ 1926ಕ್ಕೆ ಫೋನ್ ಮಾಡಿ ಅಂತ ಅಡುಗೆ ಮನೆ ಗೋಡೆ ಮೇಲೆ ಬರೆಸಿಟ್ಟು ಬಂದೆ.

ಅಪ್ಪನ ಬೆಳಗಿನ ರೌಂಡ್ ಮಾತ್ರ ಎಂಟಕ್ಕೆ ಒಪ್ಪಿಸೋಕೆ ಆಗ್ಲಿಲ್ಲ, ಏಳಕ್ಕೆ ಬಂದಿದೆ. ಅದೂ ಅಂಗಳದಲ್ಲಿ ನಿಂತು ಎರಡು ಸಲ ಕೂಗಿ ಆಮೇಲೆ ಹೋಗೋದು ಅಂತ ಮಾತಾಗಿದೆ.

ರೋಬಸ್ಟಾ_ರಾಯ

ಏಳು ಗಂಟೆ ಅಂದ್ರೆ ಗೆದ್ದ ಹಾಗೇ ಬಿಡಿ. ನಮ್ಮ ಅಪ್ಪ ಒಪ್ಪಿರಲಿಲ್ಲ.

ಗದ್ದೆ ವಿಷಯ ನನಗೆ ಹೊಳೆಯಬೇಕಿತ್ತು. ನಮ್ಮ ಕಡೆನೂ ಹಡ್ಲು ಬಿದ್ದ ಗದ್ದೆ ಇರೋ ಕಡೆನೇ ಕಾಟಿ ಜಾಸ್ತಿ. ಮುಂಚೆ ಗದ್ದೆಲಿ ಮಾಳ ಕಟ್ಟಿ ಕಾಯೋರು ಇರ್ತಿದ್ರು, ಬೆಂಕಿ ಹಾಕ್ತಿದ್ರು, ತಮಟೆ ಬಡೀತಿದ್ರು. ಈಗ ಗದ್ದೆ ಖಾಲಿ, ಊರೇ ಖಾಲಿ. ಹುಲ್ಲು ಹೆರೆಸಿ ದನಕ್ಕೆ ಹಾಕ್ಬಾರ್ದಾ?

ಕೊಪ್ಪದ_ಮಗ

ದನ ಇರೋದೇ ಒಂದು ಸಾರ್, ಅದಕ್ಕೆ ಬೂಸಾ ಬಿಟ್ರೆ ಬೇರೆ ಸೇರಲ್ಲ.

ಗದ್ದೆನ ಶುಂಠಿಗೆ ಲೀಸ್ ಕೇಳ್ತಿದಾರೆ ಒಬ್ರು, ದುಡ್ಡು ಚೆನ್ನಾಗೇ ಕೊಡ್ತಾರಂತೆ, ಸುತ್ತ ಸೋಲಾರ್ ಬೇಲಿನೂ ಅವರೇ ಹಾಕ್ಕೊಳ್ತಾರಂತೆ. ಕೊಟ್ಬಿಡೋಣ ಅಂತ ಅಮ್ಮ. ಕೊಟ್ರೆ ಅದು ಎಲ್ಲಿಗೆ ಹೋಗುತ್ತೆ ಅಂತ ಗಾರ್ಡ್ ಹತ್ರ ಕೇಳಿದ್ದಕ್ಕೆ, ಕೆಳಗಡೆ ತೋಟದಲ್ಲಿ ಕೆರೆ ಏರಿ ಮೇಲೆ ಒಳ್ಳೆ ಹುಲ್ಲಿದೆಯಲ್ಲ ಅಲ್ಲಿಗೆ ಅಂದ್ರು. ಕೆಳಗಡೆ ತೋಟ ನಮ್ಮ ಚಿಕ್ಕಪ್ಪಂದು. ಈಗಾಗ್ಲೇ ನೀರಿನ ವಿಷಯಕ್ಕೆ ಎರಡು ಮನೆಗೂ ಮಾತಿಲ್ಲ.